ಹದಿನೇಳು ಮೀಟರ್ ದಾರಿ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಹಲ್ಲಿನ ಡಾಕ್ಟರು ತಮ್ಮ ಮನೆಯ ಹೊಸ ಸಿನಿಮಾ ಕೋಣೆಯಲ್ಲಿ ನಿಂತು, ಒಂದು ಕೇಬಲ್ ಸುರುಳಿ ನನ್ನ ಕೈಗೆ ತುರುಕಿ, "ಕೇಬಲ್ ಅಂದ್ರೆ ಕೇಬಲ್ಲಮ್ಮ, ಇದನ್ನೇ ಎಳೆದುಬಿಡು" ಎಂದರೆ ಯಾರಿಗೆ ತಾನೇ ಬರುವುದಿಲ್ಲ?

"ಹಲ್ಲು ಅಂದ್ರೆ ಹಲ್ಲು ಅಂತ ನೀವು ದವಡೆ ಹಲ್ಲಿನ ಬದಲು ಮುಂದಿನ ಹಲ್ಲು ಕೀಳ್ತೀರಾ ಡಾಕ್ಟ್ರೇ?" ಎಂದೆ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಕೆಮ್ಮಿದರು. ಗಿರಾಕಿಯ ಮುಂದೆ ಬಾಯಿ ಬಿಗಿ ಹಿಡಿ ಎಂದು ಆ ಕೆಮ್ಮಿನ ಅರ್ಥ.

ಅಪ್ಪ ಮೂವತ್ತು ವರ್ಷದಿಂದ ವೈರಿಂಗ್ ಕೆಲಸದವರು. ಕೆಲಸ ಮುಗಿದ ಮೇಲೆ ಗೋಡೆಯ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ತಮ್ಮ ಹೆಸರು ಬರೆಯುತ್ತಾರೆ. ಎಂಟು ವರ್ಷದಿಂದ ಅವರ ಜೊತೆ ದುಡಿಯುತ್ತಿದ್ದರೂ ಆ ಪೆನ್ಸಿಲ್ ನನ್ನ ಕೈಗೆ ಬಂದಿರಲಿಲ್ಲ. ಆವತ್ತು ಬೆಳಿಗ್ಗೆ ಮಾತ್ರ, "ಅಳತೆಯಿಂದ ಹಿಡಿದು ಚಿತ್ರ ಬರೋವರೆಗೆ ಒಬ್ಬಳೇ ಮಾಡು. ನಾನು ಬಾಯಿ ಬಿಡಲ್ಲ. ಸರಿಯಾದ್ರೆ ಪೆನ್ಸಿಲ್ ನಿಂದು" ಎಂದಿದ್ದರು. ನನಗೆ ಅದು ಬೇಕೇ ಬೇಕಿತ್ತು.

ಡಾಕ್ಟರು ಮುಂದಿನ ಕಪಾಟಿನಲ್ಲಿದ್ದ ಪ್ಲೇಯರಿನಿಂದ ಹಿಂದಿನ ಪ್ರೊಜೆಕ್ಟರಿಗೆ ನೇರ ಅಳೆದು ಒಂಬತ್ತು ಮೀಟರ್ ಎಂದಿದ್ದರು. ಕೇಬಲ್ಲೇನು ಕಾಗೆಯೇ, ನೇರ ಹಾರಲು? ಗೋಡೆ ಹತ್ತಿ, ತೊಲೆ ಬಳಸಿ, ಮತ್ತೆ ಇಳಿಯುವ ವೈರಿಂಗ್ ಪೈಪಿನ ಗುಂಟ ನಾನು ಟೇಪು ಹಿಡಿದೆ. ಹದಿನೇಳು. ಅವರು ಧಾರಾಳವಾಗಿ ತಂದಿದ್ದದ್ದು ಹದಿನೈದು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ನಮಗೆ ಡಾಕ್ಟ್ರೇ. ಕೇಬಲ್ಲಿಗೆ ಆ ಗಾದೆ ಗೊತ್ತಿಲ್ಲ."

ಉದ್ದ ಸಾಲದ್ದು ಒಂದು ಮಾತಾಯಿತು. ಅದು ತಾಮ್ರದ್ದು ಬೇರೆ. ಇಷ್ಟು ದೊಡ್ಡ ಚಿತ್ರವನ್ನು ಅಷ್ಟು ದೂರ ಹೊರುವಷ್ಟರಲ್ಲಿ ತಾಮ್ರದ ತಂತಿ ಸೊರಗುತ್ತದೆ. ಬಾಯಲ್ಲಿ ಹೇಳಿದರೆ ನಂಬುವ ಆಸಾಮಿಯಲ್ಲ, ಹಾಗಾಗಿ ನೆಲದ ಮೇಲೇ ಹಾಸಿ ತೋರಿಸಿದೆ. ಅವರ ಕೇಬಲ್ಲಿನಲ್ಲಿ ಚಿತ್ರ ಬಂತು, ಚುಕ್ಕೆ ಚುಕ್ಕೆಯಾಗಿ ಮಿನುಗಿತು, ಹೋಯಿತು, ಮತ್ತೆ ಬಂತು. ನಾನು ತಂದಿದ್ದ ಇಪ್ಪತ್ತು ಮೀಟರಿನ ಆಪ್ಟಿಕಲ್ ಕೇಬಲ್ಲಿನಲ್ಲಿ, ಬೆಳಕಿನ ಎಳೆಯ ಮೇಲೆ ಓಡಿದ ಅದೇ ಚಿತ್ರ ಕದಲಲೇ ಇಲ್ಲ. ಡಾಕ್ಟರು ತಲೆಯಾಡಿಸಿದರು. ನಾನು ಸ್ವಲ್ಪ ಬೀಗಿದೆ.

ಇನ್ನು ಎಳೆಯುವುದು. ಅಪ್ಪನ ಎರಡು ಪಾಠ ನನಗೆ ಬಾಯಿಪಾಠ. ಒಂದು, ತುದಿಯ ಚೀಟಿಗಳನ್ನು ಕಿತ್ತುಬಿಡು, ಇಲ್ಲದಿದ್ದರೆ ಪೈಪಿನೊಳಗೆ ಸುಲಿದು ಸಿಕ್ಕಿಕೊಳ್ಳುತ್ತವೆ. ಎರಡು, ಮುಂದೆ ಮತ್ತೆ ಎಳೆಯಬೇಕಾದೀತು, ಕೇಬಲ್ ಹೋದ ಪೈಪಿನಲ್ಲಿ ಒಂದು ಹೆಚ್ಚಿನ ದಾರ ಬಿಟ್ಟಿರು. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಕೈಗೆ ಸಿಕ್ಕ ತುದಿಯನ್ನು ಪೈಪಿನಲ್ಲಿ ಮೊದಲೇ ಇದ್ದ ಎಳೆಯುವ ತಂತಿಗೆ ಕಟ್ಟಿ, ಜೊತೆಗೊಂದು ದಾರ ಸೇರಿಸಿ, ಪ್ರೊಜೆಕ್ಟರ್ ಕಡೆಯಿಂದ ಎಳೆದೆ. ತಿರುವುಗಳಲ್ಲಿ ಗಾರೆ ಮೇಸ್ತ್ರಿ ಗೋಡೆಯನ್ನು ಇನ್ನೂ ಮುಚ್ಚಿರಲಿಲ್ಲ, ಅಲ್ಲಿ ಕೈ ಕೊಟ್ಟು ದಾಟಿಸಿದೆ. ಎಲ್ಲ ಸಲೀಸು.

ಸ್ವಿಚ್ ಹಾಕಿದೆ. ಪರದೆ ಕಪ್ಪು.

ಎರಡೂ ತುದಿ ಬಿಚ್ಚಿ ಮತ್ತೆ ಸಿಕ್ಕಿಸಿದೆ, ಆರಿಸಿ ಹೊತ್ತಿಸಿದೆ. ಕಪ್ಪೇ.

"ನಂದು ಮಿನುಗ್ತಾ ಆದ್ರೂ ಬರ್ತಿತ್ತು" ಎಂದರು ಡಾಕ್ಟರು.

"ಗಾರೆ ಕಲಸಿಟ್ಟಾಯ್ತಕ್ಕ. ಗಟ್ಟಿಯಾದ್ರೆ ನನ್ನ ಕೇಳ್ಬೇಡಿ" ಎಂದು ಗಾರೆ ಮೇಸ್ತ್ರಿ ಕರಣೆ ಹಿಡಿದು ತಿರುವಿನ ಹತ್ತಿರ ನಿಂತ. ಅವನು ಮುಚ್ಚಿದರೆ ಮುಗಿಯಿತು, ಆಮೇಲೆ ಅಲ್ಲಿ ಕೈ ಹೋಗುವುದಿಲ್ಲ. ಅಪ್ಪ ಕೆಮ್ಮಲೂ ಇಲ್ಲ.

ಕೇಬಲ್ಲೇ ಕೆಟ್ಟದ್ದು ಎನ್ನಲು ಬಾಯಿ ತೆರೆದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾದೀತು ಎಂದು ನುಂಗಿಕೊಂಡೆ. ನೆಲದ ಮೇಲೆ ಇದೇ ಕೇಬಲ್ಲಿನಲ್ಲಿ ಚಿತ್ರ ಬಂದಿತ್ತಲ್ಲ! ಮಧ್ಯೆ ಬದಲಾದದ್ದಾದರೂ ಏನು? ಬೆವರು ಒರೆಸಲು ಜೇಬಿಗೆ ಕೈ ಹಾಕಿದರೆ ಆ ಎರಡು ಚೀಟಿಗಳು ಬೆರಳಿಗೆ ಅಂಟಿಕೊಂಡು ಬಂದವು. ಒಂದರ ಮೇಲೆ 'ಪ್ಲೇಯರ್ ಕಡೆ', ಇನ್ನೊಂದರ ಮೇಲೆ 'ಪರದೆ ಕಡೆ', ಅಂದರೆ ಪ್ರೊಜೆಕ್ಟರಿನ ಕಡೆ.

ತಾಮ್ರದ ಕೇಬಲ್ಲಿಗೆ ಯಾವ ತುದಿಯಾದರೂ ಒಂದೇ. ಬೆಳಕಿನದಕ್ಕೆ ಹಾಗಲ್ಲ, ಅದು ಒಂದೇ ದಿಕ್ಕಿಗೆ ಓಡುತ್ತದೆ. ಗೊತ್ತಿತ್ತು ನನಗೆ. ಗೊತ್ತಿದ್ದೂ ಕೈ ಹಳೆಯ ಅಭ್ಯಾಸದಂತೆ ನಡೆದಿತ್ತು. ನನ್ನ ಮೇಲೆ ನನಗೇ ಕೆಂಡದಂಥ ಕೋಪ ಬಂತು.

"ತಪ್ಪು ನಂದೇ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಕೇಬಲ್ ತಿರುಗುಮುರುಗಾಗಿದೆ. ಮೇಸ್ತ್ರಿ, ಅರ್ಧ ಗಂಟೆ ಕರಣೆ ಕೆಳಗಿಡಿ."

ಕೇಬಲ್ಲನ್ನು ಜಗ್ಗದೆ, ಮಗುವಿನ ಕೈ ಹಿಡಿದು ರಸ್ತೆ ದಾಟಿಸುವ ಹಾಗೆ, ಮೆಲ್ಲಗೆ ಹೊರಗೆ ತಂದೆ. ಹೆಚ್ಚಿನ ದಾರ ಪೈಪಿನಲ್ಲೇ ಉಳಿದಿತ್ತು. ನೆಲದ ಮೇಲೆ ಮತ್ತೊಮ್ಮೆ ಹಚ್ಚಿ ನೋಡಿ, ಪರದೆ ಕಡೆಯ ತುದಿಗೆ ಕೆಂಪು ನೂಲು ಸುತ್ತಿ, ಆ ದಾರಕ್ಕೇ ಕಟ್ಟಿ ಎಳೆದೆ. ಸ್ವಿಚ್ ಹಾಕಿದೆ.

ಗೋಡೆಯ ತುಂಬ ಸಮುದ್ರ ಬಂತು. ಒಂದು ಅಲೆಯೂ ಮಿನುಗಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಡಾಕ್ಟರು ತಮ್ಮ ಸುರುಳಿಯನ್ನು ಸದ್ದಿಲ್ಲದೆ ಒಳಗೆ ತೆಗೆದುಕೊಂಡು ಹೋದರು.

ಅಪ್ಪ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ನನ್ನತ್ತ ಚಾಚಿದರು.

"ತಪ್ಪು ಮಾಡಿದ್ನಲ್ಲಪ್ಪಾ" ಎಂದೆ.

"ತಪ್ಪಾಗದಿದ್ರೆ ಕೊಡ್ತೀನಿ ಅಂದಿದ್ನಾ? ಸರಿಯಾದ್ರೆ ಅಂದಿದ್ದೆ. ಆ ಚೀಟಿ ಪಾಠಾನೂ ನಂದೇ ಅಲ್ವಾ, ಅದು ಹಳೇದಾಯ್ತು."

ಮುಚ್ಚಳದ ಒಳಗೆ ಒಂದು ಉದ್ದ ಬಾಣ ಎಳೆದೆ. ಬಾಲದ ಹತ್ತಿರ 'ಪ್ಲೇಯರ್', ಮೊನೆಯ ಹತ್ತಿರ 'ಪರದೆ' ಎಂದು ಬರೆದೆ.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಹೆಸರೆಲ್ಲಿ?"

"ಮುಂದೆ ಈ ಡಬ್ಬಿ ತೆಗೆಯೋರಿಗೆ ನನ್ನ ಹೆಸರು ಬೇಡಪ್ಪಾ, ದಿಕ್ಕು ಬೇಕು."

ಅಪ್ಪ ಪೆನ್ಸಿಲನ್ನು ಇಸಿದುಕೊಂಡರು. ಬಾಣದ ಕೆಳಗೆ ತಾವೇ ನನ್ನ ಹೆಸರನ್ನು ದುಂಡಗೆ ಬರೆದು, ಪೆನ್ಸಿಲನ್ನು ನನ್ನ ಜೇಬಿಗೆ ಸಿಕ್ಕಿಸಿದರು.