ಎಲೆ ಕೆಂಪಾಗುವುದರೊಳಗೆ ಮಾನ್ವಿ

ರಾಯಚೂರಿನಿಂದ ಮಾನ್ವಿಗೆ ವಿಮಾನದಲ್ಲಿ ಹಾರಿಬಂದಾಗ ಬಾಯಲ್ಲಿನ ಎಲೆಯಡಿಕೆ ಇನ್ನೂ ಕೆಂಪಾಗಿರಲಿಲ್ಲ, ಸುಣ್ಣ ಸಾಲದೆ ಮೋಡದ ಅಂಚು ಕಿತ್ತು ಹಚ್ಚಿಕೊಂಡೆ ಎಂದು ಸುಂಕಪ್ಪ ಮಾನ್ವಿ ಹತ್ತಿರದ ತನ್ನೂರು ನೀರಮಾನ್ವಿಯ ಕಟ್ಟೆಯ ಮೇಲೆ ಕೊಚ್ಚುತ್ತಿದ್ದ. ನಿಜಾಮನ ನಾಡಿಗೆ ಭಾರತದ ಸೈನ್ಯ ನುಗ್ಗಿದ ವಾರ ಅದು.

ಅಷ್ಟರಲ್ಲಿ ರಾಯಚೂರಿನ ದಿಕ್ಕಿನ ಆಕಾಶದಲ್ಲಿ ವಿಮಾನ ಗುಡುಗಿತು. ಪಕ್ಕದ ಮನೆಯ ಗೋಪಮ್ಮ ಓಡಿಬಂದಳು.

"ಯಣ್ಣಾ, ಮಗಳು ಬಯಲಾಗ ಕುರಿ ಕಾಯಾಕತ್ತಾಳ. ನೀ ಹಾರಿದವ, ಹೇಳು. ಅದು ಇಲ್ಲಿಗೆ ಬರೂದ್ರಾಗ ಕರಕೊಂಡು ಬರಾಕ ಆಗತದೇನು?"

ಸುಂಕಪ್ಪ ಆಕಾಶದತ್ತ ನೋಡಿದ. ಆಗುತ್ತದೆ ಎಂದರೆ ತಾಯಿಯೂ ಬಯಲಲ್ಲಿ ಬಾಂಬಿಗೆ ಸಿಕ್ಕಿಬೀಳಬಹುದು, ಆಗದು ಎಂದರೆ ಮಗಳು ಒಬ್ಬಳೇ.

"ನಂಗ ಗೊತ್ತಿಲ್ಲ ತಂಗಿ. ನಾ ಹಾರಿಲ್ಲ. ಜ್ವಾಳದ ಬಂಡ್ಯಾಗ ಕುಂತು ಬಂದೆ. ವಿಮಾನದ ಸಪ್ಪಳಕ್ಕ ಬಂಡಿ ಕೆಳಗ ಕಣ್ಣು ಮುಚ್ಚಿ ಮಲಗಿದ್ದೆ," ಎಂದು ಕಟ್ಟೆಯಿಂದಿಳಿದ. "ನಡಿ, ನಾನೂ ಬರ್ತೀನಿ."