ಐದಕ್ಕೆ ಮಡಚಲಾಗದ ಕರ್ಚೀಫು

ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹೊಲಿದ ಟೈಲರಕ್ಕ ಕಟಿಂಗ್ ವಿಭಾಗದ ಮೇಲ್ವಿಚಾರಕಿ ಆಗಬೇಕೆಂದರೆ ಲೆಕ್ಕದ ಪರೀಕ್ಷೆ ಪಾಸಾಗಲೇಬೇಕಿತ್ತು. ಹಗಲೆಲ್ಲ ಹೊಲಿದು, ಸಂಜೆ ವಯಸ್ಕರ ಶಾಲೆಯಲ್ಲಿ ಭಿನ್ನರಾಶಿಗಳ ಜೊತೆ ಗುದ್ದಾಡಿ, ಅಂತೂ ಇಂತೂ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಮುಗಿಸಿದಳು. ಮಾರನೆಯ ದಿನವೇ ಶಾಲೆಯಿಂದ ಕರೆ ಬಂತು. ನಕಲಿನ ಶಂಕೆಯಂತೆ, ಫಲಿತಾಂಶ ತಡೆದಿದ್ದಾರಂತೆ. ಸಾಬೀತಾದರೆ ಮೂರು ವರ್ಷ ಪರೀಕ್ಷೆಯ ಹತ್ತಿರವೂ ಸುಳಿಯುವಂತಿಲ್ಲ. ಅಷ್ಟರಲ್ಲಿ ಆ ಕೆಲಸ ಇನ್ಯಾರದೋ ಪಾಲಾಗುತ್ತಿತ್ತು. ಟೈಲರಕ್ಕ ಶಾಲೆಗೆ ಓಡಿದಳು.

ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಕಂಪ್ಯೂಟರಿನ ವರದಿ ಮುಂದಿಟ್ಟುಕೊಂಡು ಕೂತಿದ್ದರು. ಕ್ಯಾಮೆರಾದ ಕಣ್ಣಿಟ್ಟು ಪರೀಕ್ಷೆ ಕಾಯುವುದು ಆ ಯಂತ್ರದ ಕೆಲಸ, ತೀರ್ಪು ಬರೆದು ಸಹಿ ಹಾಕುವುದು ಇವರದು.

"ಹನ್ನೊಂದು ಸಲ ತಲೆ ಬಗ್ಗಿಸಿ ತೊಡೆ ಮೇಲೆ ಏನೋ ನೋಡಿದೀರಂತಲ್ಲಕ್ಕಾ. ಚೀಟಿ ಇತ್ತಾ?"

"ಚೀಟಿ ಅಲ್ಲ ಮೇಷ್ಟ್ರೇ..."

ಈ ವಯಸ್ಸಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದೆಂದರೆ ಮಾನ ಹೋದಂತೆಯೇ ಸರಿ. ಆದರೆ ಮಾನ ನೋಡಿಕೊಂಡು ಕೂತರೆ ಕೆಲಸ ಹೋಗುತ್ತದಲ್ಲ! ಟೈಲರಕ್ಕ ಕರ್ಚೀಫು ತೆಗೆದು ಮೇಜಿನ ಮೇಲಿಟ್ಟಳು.

"ಬಟ್ಟೆ ಮಡಚಿ ನೋಡಿದ್ರೇನೇ ನಂಗೆ ಲೆಕ್ಕ ತಲೆಗೆ ಹತ್ತೋದು."

"ಹೌದಾ? ಮುಕ್ಕಾಲರಲ್ಲಿ ಅರ್ಧ ಎಷ್ಟು, ಹೇಳಿ ನೋಡೋಣ."

ಅವಳ ಬೆರಳುಗಳು ಸರಸರನೆ ಓಡಿದವು. ನಾಲ್ಕಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಬಿಡಿಸಿ, ಗೆರೆ ಎಣಿಸಿ, "ಎಂಟರಲ್ಲಿ ಮೂರು" ಅಂದಳು.

ಮೇಷ್ಟ್ರು ನಗಲಿಲ್ಲ. ಯಂತ್ರದ ವರದಿಯನ್ನು ಮತ್ತೆ ಮೇಲಿಂದ ಕೆಳಗೆ ಓದಿದರು. ಪುಣ್ಯಾತ್ಮ ಯಂತ್ರ, ಒಂದು ಸೆಕೆಂಡನ್ನೂ ಬಿಟ್ಟಿರಲಿಲ್ಲ. ತಲೆ ಬಗ್ಗಿದ ಹನ್ನೊಂದು ಸಲವೂ ಭಿನ್ನರಾಶಿಯ ಪ್ರಶ್ನೆಗಳೇ. ಮೊದಲ ಹತ್ತು ಪ್ರಶ್ನೆಗಳಲ್ಲಿ ಇದ್ದದ್ದು ಅರ್ಧ, ಕಾಲು, ಅರೆಕಾಲುಗಳು; ಹತ್ತೂ ಸರಿ. ಹನ್ನೊಂದನೆಯದಕ್ಕೆ ಮಾತ್ರ ನಾಲ್ಕು ನಿಮಿಷ ತಲೆ ಎತ್ತಿಲ್ಲ, ಉತ್ತರವೂ ತಪ್ಪು.

"ಇದೇನಾಯ್ತು?"

"ಅದು ಐದನೇ ಒಂದು ಭಾಗ ಮೇಷ್ಟ್ರೇ. ಹೆಂಗ್ ಮಡಚಿದ್ರೂ ಐದು ಸಮ ಬರ್ಲೇ ಇಲ್ಲ."

ಈಗ ಮೇಷ್ಟ್ರು ನಕ್ಕರು. "ಚೀಟಿ ಇದ್ದಿದ್ರೆ ಇದೂ ಸರಿ ಆಗ್ಬೇಕಿತ್ತು. ನಿಮ್ಮನ್ನ ಹಿಡ್ಕೊಟ್ಟಿದ್ದೂ ಈ ವರದಿನೇ, ಬಿಡಿಸ್ತಿರೋದೂ ಇದೇ" ಎನ್ನುತ್ತಾ 'ನಕಲು ಅಲ್ಲ' ಎಂದು ಬರೆದು ಸಹಿ ಹಾಕಿದರು. "ಪಾಸಾಗಿದೀರಿ, ಹೋಗ್ಬನ್ನಿ. ಐದು ಭಾಗ ಮಾಡೋದು ನಾಳೆ ಕಲಿಯೋಣ."

ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆ ಕೂತು, ಗೆರೆಗೆರೆಯಾದ ಆ ಕರ್ಚೀಫಿನಲ್ಲೇ ಮುಖ ಮುಚ್ಚಿಕೊಂಡು ಸಮಾಧಾನವಾಗುವಷ್ಟು ಅತ್ತಳು. ಲೆಕ್ಕವೊಂದು ತಪ್ಪಾಗಿದ್ದಕ್ಕೆ ಅವಳು ಇಷ್ಟು ಖುಷಿಪಟ್ಟಿದ್ದು ಜನ್ಮದಲ್ಲಿ ಇದೇ ಮೊದಲು.