ಲಗಮಪ್ಪನನ್ನು ಮಾತಾಡಿಸಲು ಬಂದವರು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಲಗಮಪ್ಪನಿಗೆ ೧೯೭೮ರ ಬೇಸಿಗೆಯಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಮೂರನೆಯ ದಿನ ಎದೆನೋವು ಹೋಯಿತು. ನಾಲ್ಕನೆಯ ದಿನ ಹಟ ಹಿಡಿದು ಆಸ್ಪತ್ರೆಯಿಂದ ಮನೆಗೆ ಬಂದ. ಇವನಿಗೆ ಹೇಳಿ ಪ್ರಯೋಜನವಿಲ್ಲವೆಂದು ಡಾಕ್ಟರು ಹೆಂಡತಿ ಗುರುಬಸವ್ವನನ್ನು ಕರೆದರು.

“ನೋಡವಾ, ಗುಂಡಿಗಿ ಗ್ವಾಡಿ ಒಂದ್ ಕಡೆ ಸತ್ತೈತಿ. ಗಟ್ಟಿ ಆಗೂತನಕ ಹಸೀ ಮಣ್ಣಿನ ಗ್ವಾಡಿ ಇದ್ದಂಗ. ಹದಿನೈದು ದಿನ ಹಾಸಿಗಿ ಬಿಟ್ಟು ಏಳಬಾರದು. ಸಾವಿರದಾಗ ಒಬ್ಬಿಬ್ಬರಿಗೆ ಆ ಗ್ವಾಡಿ ಹರೀತೈತಿ. ಹರೀತಂದ್ರ ನನ್ನ ಕೈಯಾಗ ಏನೂ ಇಲ್ಲ.”

ಗುರುಬಸವ್ವ ಗಂಡನನ್ನು ಮಲಗಿಸಿ ಕಾವಲು ಕೂತಳು. ಆದರೆ ಬೇನೆ ಬಿದ್ದವನನ್ನು ಮಾತಾಡಿಸಿ ಹೋಗದಿದ್ದರೆ ನಮ್ಮ ಜನಕ್ಕೆ ಉಂಡ ಅನ್ನ ಅರಗುತ್ತದೆಯೇ! ಬಾಳೆಹಣ್ಣು, ಬಿಸ್ಕೀಟು ಹಿಡಿದು ಓಣಿಗೆ ಓಣಿಯೇ ಬಂತು. ಪಕ್ಕದ ಮನೆಯ ಸತ್ತೆವ್ವ ಇದೇ ಬೇನೆಯಲ್ಲಿ ಸತ್ತವರ ಹೆಸರನ್ನೆಲ್ಲ ಅವನ ತಲೆದೆಸೆಯಲ್ಲೇ ಕೂತು ಹೇಳಿದಳು. ಜೊತೆ ಕೆಲಸದ ಉಳವಪ್ಪನಂತೂ ದೊಡ್ಡ ಪಂಡಿತ.

“ಹಾರ್ಟೂ ಇಲ್ಲ ಏನೂ ಇಲ್ಲ, ಗ್ಯಾಸ್ ಆಗೈತಿ. ಎದ್ದ ನಾಕ್ ಹೆಜ್ಜಿ ಅಡ್ಡಾಡೋ!”

“ಏಳಬ್ಯಾಡಂತ ಡಾಕ್ಟರ್ ಹೇಳ್ಯಾರ್ರೀ ಅಣ್ಣಾ,” ಎಂದಳು ಗುರುಬಸವ್ವ. ಬಂದವರಿಗೆಲ್ಲ ಚಹಾ ಕುದಿಸಿ ಕುದಿಸಿ ಅವಳ ಹೊಟ್ಟೆಯೂ ಕುದಿಯುತ್ತಿತ್ತು.

ಆರನೆಯ ದಿನ ಧಾರವಾಡದ ಕಡೆಯ ಅವರ ಊರಿನಿಂದ ಮನೆತನದ ಗುರು, ಅಯ್ಯನವರು ಬಸಲಿಂಗಯ್ಯ ಬಸ್ಸು ಹತ್ತಿ ಬಂದರು. ಮನೆಗೆ ಬಂದ ಅಯ್ಯನವರ ಪಾದವನ್ನು ಯಜಮಾನನೇ ತೊಳೆಯಬೇಕು.

“ನಾ ತೊಳೀತೇನ್ರಿ ಅಪ್ಪಾರ, ಅವರನ್ನ ಏಳಸಬ್ಯಾಡ್ರಿ,” ಎಂದು ಗುರುಬಸವ್ವ ತಂಬಿಗೆ ಹಿಡಿದು ಅಡ್ಡ ನಿಂತಳು.

“ಛೇ ಛೇ, ಅದೆಲ್ಲಾ ಯಾಕ, ಅಂವಾ ಮಲಗಲಿ,” ಎನ್ನುತ್ತಲೇ ಅಯ್ಯನವರು ಪಾದಗಳನ್ನು ಮಂಚದ ಕಡೆಗೇ ಚಾಚಿದರು.

“ಹಂಗಂದ್ರ ಹೆಂಗ್ರಿ!” ಲಗಮಪ್ಪ ಎದ್ದೇಬಿಟ್ಟ. ಹೆಂಡತಿಯ ಕೈಯಿಂದ ತಂಬಿಗೆ ಕಿತ್ತುಕೊಂಡು ಬಗ್ಗಿ ಎರಡೂ ಪಾದ ತೊಳೆದ. ಮೇಲೇಳುವಾಗ ಎದೆ ಹಿಡಿದುಕೊಂಡು ಕುಸಿದ.

ಓಡಿ ಬಂದ ಡಾಕ್ಟರಿಗೆ ಎದೆಯೊಳಗೆ ಆಸ್ಪತ್ರೆಯಲ್ಲಿದ್ದಾಗ ಇಲ್ಲದ ಸದ್ದು ಕೇಳಿಸಿತು. “ನಡುವಿನ ಗ್ವಾಡಿ ಹರದೈತಿ,” ಎಂದರು. ಜೀಪಿನಲ್ಲಿ ಹುಬ್ಬಳ್ಳಿಗೆ ಹೊರಟರು. ಹಳಿಯಾಳ ದಾಟುವ ಮೊದಲೇ ಜೀವ ಹೋಯಿತು.

ಮರುದಿನ ಅದೇ ಜನ ಮತ್ತೆ ಬಂದರು. “ಸಾವಿರಕ್ಕೊಬ್ಬರಿಗೆ ಆಗೂದಂತ! ನಮ್ಮ ಲಗಮಪ್ಪಗ ಆತು ನೋಡ್ರಿ,” ಎಂದು ಉಳವಪ್ಪ ಬಹುಮಾನ ಬಂದವರ ಸುದ್ದಿ ಹೇಳುವಂತೆ ಹೇಳುತ್ತಿದ್ದ. ಅವರ ರೂಢಿಯಂತೆ ಹೆಣಕ್ಕೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಅಯ್ಯನವರು ಹೊಸ್ತಿಲಲ್ಲೇ ಹಿಂದೇಟು ಹಾಕಿದರು.

ಗುರುಬಸವ್ವ ಎದ್ದು ಬಾಗಿಲನ್ನು ಪೂರ್ತಿ ತೆರೆದಳು.

“ಬರ್ರಿ ಅಪ್ಪಾರ, ಎಲ್ಲಾರೂ ಒಳಗ ಬರ್ರಿ. ಎದ್ದ ಕುಂತಾರ. ಮಾತಾಡಸ್ರಿ.”